ಪ್ರಾಣಿ ಪಕ್ಷಿಗಳ ಮುಂದೆ ಸುಮ್ನೆ ಕೂರುವುದು: ನೆಮ್ಮದಿಗಾಗಿ ವನ್ಯಜೀವಿ ಛಾಯಾಗ್ರಹಣ, ಹಂತ ಹಂತವಾಗಿ

ಮನಸ್ಸು ಸರಿಯಿಲ್ಲದಾಗ ‘ಸ್ವಲ್ಪ ಹೊರಗೆ ಓಡಾಡಿಕೊಂಡು ಬನ್ನಿ’ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಹೊರಗೆ ಹೋದರೂ ತಲೆಯೊಳಗಿನ ಗಲಾಟೆ ಜೊತೆಯಲ್ಲೇ ಬರುತ್ತದೆ. ಕಾಲು ನಡೆಯುತ್ತಿರುತ್ತದೆ, ತಲೆ ಆಫೀಸಿನಲ್ಲೋ ಆಸ್ಪತ್ರೆಯಲ್ಲೋ ಇರುತ್ತದೆ. ಕೈಯಲ್ಲಿ ಕ್ಯಾಮೆರಾ ಇದ್ದರೆ ಕಣ್ಣಿಗೊಂದು ಕೆಲಸ ಸಿಗುತ್ತದೆ. ಎದುರಿಗೆ ಹಕ್ಕಿ ಕೂತಿದೆ, ಮುಂದಿನ ಗಳಿಗೆಯಲ್ಲಿ ಅದು ಏನು ಮಾಡುತ್ತದೋ ಗೊತ್ತಿಲ್ಲ. ಬೇರೆ ಯೋಚನೆಗೆ ಹೋದಿರೋ, ಫೋಟೋ ತಪ್ಪಿತು.

ಇನ್ನೊಂದು ಕಾರಣವೂ ಇದೆ, ನನಗೆ ಅದೇ ದೊಡ್ಡದು. ಆ ಹಕ್ಕಿಗೆ ನಿಮ್ಮ ಪರಿಚಯವಿಲ್ಲ. ನಿಮ್ಮ ಸಾಲ, ನಿಮ್ಮ ಜಗಳ, ನೀವು ಕಳೆದುಕೊಂಡವರು, ಯಾವುದೂ ಅದಕ್ಕೆ ಬೇಕಿಲ್ಲ. ಅದು ನಿಮ್ಮನ್ನು ಸಮಾಧಾನ ಮಾಡಲು ಬರುವುದಿಲ್ಲ, ನಿಮ್ಮಿಂದ ಏನನ್ನೂ ಕೇಳುವುದೂ ಇಲ್ಲ. ನಿಮ್ಮ ಗೊಡವೆಯೇ ಇಲ್ಲದ ಒಂದು ಬದುಕನ್ನು ಗಂಟೆ ಹೊತ್ತು ನೋಡುತ್ತಾ ಕೂರುವುದರಲ್ಲಿ ವಿಚಿತ್ರವಾದ ಬಿಡುಗಡೆ ಇದೆ. ಈ ಮಾರ್ಗದರ್ಶಿ ಆ ಬಿಡುಗಡೆಗಾಗಿ. ಬಹುಮಾನ ಗೆಲ್ಲುವುದು ಹೇಗೆ ಅಂತ ಹೇಳಿಕೊಡುವವರು ಬೇರೆ ಬೇಕಾದಷ್ಟು ಜನ ಇದ್ದಾರೆ.

ಇದು ಬರೀ ಭಾವುಕತೆಯ ಮಾತಲ್ಲ. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಒಂದು ಆಸ್ಪತ್ರೆಯ ದಾಖಲೆಗಳನ್ನು ಹೋಲಿಸಿ ನೋಡಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರಲ್ಲಿ ಕಿಟಕಿಯಾಚೆ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ಜೋರಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಬೇಕಾಗಿತ್ತು. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು ನಡೆದ ಅಧ್ಯಯನದಲ್ಲಿ, ವಾರಕ್ಕೆ ಕನಿಷ್ಠ 120 ನಿಮಿಷ ಪ್ರಕೃತಿಯ ನಡುವೆ ಕಳೆಯುವವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎಂದು ಹೇಳಿದ್ದು ಜಾಸ್ತಿ. ಆ ಎರಡು ಗಂಟೆಯನ್ನು ಒಂದೇ ಸಲ ಕಳೆದರೂ ಸರಿ, ಚೂರು ಚೂರಾಗಿ ಕಳೆದರೂ ಸರಿ. ನೆಮ್ಮದಿ ಇದ್ದವರೇ ಹೆಚ್ಚು ಹೊರಗೆ ಹೋಗುತ್ತಿರಬಹುದು ಎಂಬ ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ವಾರಕ್ಕೆ ಎರಡು ಗಂಟೆ ಒಳ್ಳೆಯ ಗುರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿದ್ದೆ, ಊಟ ಬಿಟ್ಟುಹೋಗುವಷ್ಟು ಮನಸ್ಸು ಕುಸಿದಿದ್ದರೆ ಮೊದಲು ವೈದ್ಯರ ಹತ್ತಿರ ಹೋಗಿ. ಕ್ಯಾಮೆರಾ ಆಮೇಲೆ.

ಹಂತ 1: ಹತ್ತಿರದ ಒಂದು ಜಾಗ ಹಿಡಿಯಿರಿ

ವನ್ಯಜೀವಿ ಅಂದ ತಕ್ಷಣ ಹುಲಿ, ಆನೆ, ದೂರದ ಕಾಡು ಕಣ್ಮುಂದೆ ಬರುತ್ತದೆ. ಅದನ್ನು ಸದ್ಯಕ್ಕೆ ಮರೆತುಬಿಡಿ. ವರ್ಷಕ್ಕೊಮ್ಮೆ ಹೋಗುವ ಕಾಡಿನಿಂದ ಮರೆಯಲಾಗದ ಫೋಟೋ ಸಿಗಬಹುದು, ವಾರವಾರದ ನೆಮ್ಮದಿ ಸಿಗುವುದಿಲ್ಲ. ನಡೆದುಕೊಂಡು ಹೋಗುವಷ್ಟು ಹತ್ತಿರ ಇರುವ ಜಾಗ ಬೇಕು. ಕೆರೆಯ ಅಂಚು, ಪಾರ್ಕಿನ ಮೂಲೆ, ಹಣ್ಣು ಬಿಟ್ಟ ಮರ, ಹೂವಿನ ಕುಂಡಗಳಿರುವ ಬಾಲ್ಕನಿ, ಯಾವುದಾದರೂ ನಡೆಯುತ್ತದೆ.

ಜಾಗ ಆರಿಸುವಾಗ ಮೂರು ವಿಷಯ ನೋಡಿ. ನೀರಿದ್ದರೆ ಜೀವಿಗಳು ತಾವಾಗಿಯೇ ಬರುತ್ತವೆ. ಎರಡು ಬಗೆಯ ನೆಲ ಸೇರುವ ಅಂಚು, ಅಂದರೆ ಪೊದೆ ಮುಗಿದು ಹುಲ್ಲು ಶುರುವಾಗುವ ಕಡೆ, ಯಾವಾಗಲೂ ಚಟುವಟಿಕೆ ಜಾಸ್ತಿ. ಮೂರನೆಯದು ಬೆಳಕು. ಬೆಳಿಗ್ಗೆ ಹೋಗುವವರಾದರೆ ಕೆರೆಯ ಪೂರ್ವದ ದಡದಲ್ಲಿ ಕೂತು ಪಶ್ಚಿಮಕ್ಕೆ ನೋಡಿ. ಸೂರ್ಯ ಬೆನ್ನಿಗಿರುತ್ತಾನೆ, ಹಕ್ಕಿಯ ಕಣ್ಣಿನಲ್ಲಿ ಹೊಳಪು ಕಾಣುತ್ತದೆ. ಸಂಜೆಗೆ ಇದನ್ನು ಉಲ್ಟಾ ಮಾಡಿಕೊಳ್ಳಿ.

ಜಾಗ ಸಿಕ್ಕಮೇಲೆ ಬದಲಾಯಿಸಬೇಡಿ. ಬೇಜಾರಾದರೂ ಬದಲಾಯಿಸಬೇಡಿ.

ಹಂತ 2: ಮೊದಲ ಕೆಲವು ಸಲ ಕ್ಯಾಮೆರಾ ಚೀಲದಲ್ಲೇ ಇರಲಿ

ಇದನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ಹೋಗಿ, ಕೂತು, ಇಪ್ಪತ್ತು ನಿಮಿಷ ಏನೂ ಮಾಡಬೇಡಿ. ನೀವು ಬಂದಾಗ ಅಲ್ಲಿದ್ದ ಜೀವಿಗಳೆಲ್ಲ ಬೆಚ್ಚಿ ಸುಮ್ಮನಾಗಿರುತ್ತವೆ ಇಲ್ಲವೇ ದೂರ ಸರಿದಿರುತ್ತವೆ. ನೀವು ಅಲ್ಲಾಡದಿದ್ದರೆ ಒಂದೊಂದಾಗಿ ತಮ್ಮ ಕೆಲಸಕ್ಕೆ ಮರಳುತ್ತವೆ. ಮೊದಲು ಇರುವೆ, ಜೇಡ ಕಣ್ಣಿಗೆ ಬೀಳುತ್ತವೆ. ಆಮೇಲೆ ಅಳಿಲು. ಆಮೇಲೆ ಪೊದೆಯೊಳಗಿನ ಸಣ್ಣ ಹಕ್ಕಿಗಳು.

ಒಂದು ಸಣ್ಣ ನೋಟ್‌ಬುಕ್ ಜೊತೆಗಿರಲಿ. ಹೊತ್ತು, ಗಾಳಿ, ಬಿಸಿಲು, ಯಾರು ಎಲ್ಲಿ ಕೂತಿದ್ದರು, ಏನು ಮಾಡುತ್ತಿದ್ದರು, ಇಷ್ಟು ಬರೆದರೆ ಸಾಕು. ಹೆಸರು ಗೊತ್ತಿಲ್ಲದಿದ್ದರೆ ‘ಬಾಲ ಕುಣಿಸುವ ಕಪ್ಪು ಬಿಳುಪು ಹಕ್ಕಿ’ ಅಂತಲೇ ಬರೆಯಿರಿ. ಹೆಸರು ಆಮೇಲೆ ಹುಡುಕಬಹುದು. ತಿಂಗಳು ಕಳೆಯುವಷ್ಟರಲ್ಲಿ ಆ ಪುಟಗಳಲ್ಲಿ ಒಂದು ವೇಳಾಪಟ್ಟಿ ಮೂಡಿರುತ್ತದೆ: ಮಿಂಚುಳ್ಳಿ ಯಾವ ಕೊಂಬೆಗೆ ಬರುತ್ತದೆ, ಹಲ್ಲಿ ಯಾವ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತದೆ. ಆಗ ನೀವು ಫೋಟೋ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಅದು ಬರುವ ಕಡೆ ಮೊದಲೇ ಕೂತಿರುತ್ತೀರಿ.

ಹಂತ 3: ಸಲಕರಣೆ, ಇದ್ದಷ್ಟರಲ್ಲಿ

ದುಡ್ಡು ಸುರಿಯಲು ಇದಕ್ಕಿಂತ ಒಳ್ಳೆಯ ಹವ್ಯಾಸ ಇನ್ನೊಂದಿಲ್ಲ. ಹಾಗಾಗಿ ಕಡಿಮೆಯಲ್ಲೇ ಶುರು ಮಾಡಿ. ಫೋನ್ ಮಾತ್ರ ಇದ್ದರೆ ಹತ್ತಿರ ಬಿಟ್ಟುಕೊಳ್ಳುವ ಜೀವಿಗಳನ್ನು ಆರಿಸಿಕೊಳ್ಳಿ. ಜೇಡ, ಚಿಟ್ಟೆ, ಬಸವನಹುಳು, ಕೆಸರಿನ ಮೇಲಿನ ಹೆಜ್ಜೆ ಗುರುತು. ದೂರದ ಹಕ್ಕಿಯನ್ನು ಫೋನಿನಲ್ಲಿ ಜೂಮ್ ಮಾಡಿ ಎಳೆಯುವುದಕ್ಕಿಂತ, ಇಡೀ ಕೆರೆಯ ನಡುವೆ ಅದನ್ನು ಒಂದು ಚುಕ್ಕೆಯಾಗಿ ತೋರಿಸುವುದೇ ಚೆಂದ.

ಕ್ಯಾಮೆರಾ ಕೊಳ್ಳುವುದಾದರೆ ಸೆಕೆಂಡ್ ಹ್ಯಾಂಡ್ ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ), ದೂರದ್ದನ್ನು ಹತ್ತಿರ ತೋರಿಸುವ 70-300 ಮಿ.ಮೀ. ಜೂಮ್ ಲೆನ್ಸ್ ಸಾಕು. ಸಣ್ಣ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಇರುವ, ಅಂದರೆ ಎಪಿಎಸ್-ಸಿ ಕ್ಯಾಮೆರಾದಲ್ಲಿ ಫ್ರೇಮಿನ ಹರವು ಕಿರಿದಾಗುತ್ತದೆ. ಹಾಗಾಗಿ 300 ಮಿ.ಮೀ. ಲೆನ್ಸಿನಲ್ಲಿ ಸುಮಾರು 450 ಮಿ.ಮೀ. ಲೆನ್ಸಿನಷ್ಟು ಹತ್ತಿರದ ನೋಟ ಸಿಗುತ್ತದೆ. ಭಾರದ ಟ್ರೈಪಾಡ್ ಬದಲು ಕಾಳು ತುಂಬಿದ ಬಟ್ಟೆಚೀಲದ ಮೇಲೆ ಲೆನ್ಸ್ ಇಟ್ಟುಕೊಳ್ಳಿ, ಕೈ ನಡುಕ ನಿಲ್ಲುತ್ತದೆ. ದುಡ್ಡು ಉಳಿದರೆ 8×42 ಬೈನಾಕ್ಯುಲರ್ (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿ.ಮೀ. ಅಗಲದ ಮುಂಗಾಜಿನದ್ದು) ತೆಗೆದುಕೊಳ್ಳಿ. ಎರಡನೇ ಲೆನ್ಸಿಗಿಂತ ಅದರಿಂದ ಸಿಗುವ ಸುಖ ಜಾಸ್ತಿ.

ಬಟ್ಟೆ ಮಂಕು ಬಣ್ಣದ್ದಿರಲಿ. ಸೈನಿಕರಂತೆ ಚುಕ್ಕೆಚುಕ್ಕೆ ಬಟ್ಟೆಯೇ ಆಗಬೇಕಿಲ್ಲ. ಪ್ರಾಣಿಗಳನ್ನು ಬೆದರಿಸುವುದು ಬಣ್ಣಕ್ಕಿಂತ ಹೆಚ್ಚಾಗಿ ಅಲುಗಾಟ.

ಹಂತ 4: ಸೆಟ್ಟಿಂಗ್ ಒಮ್ಮೆ ಮಾಡಿ, ಮರೆತುಬಿಡಿ

ಮನಸ್ಸು ಹಕ್ಕಿಯ ಮೇಲಿರಬೇಕಾದರೆ ಬೆರಳು ಬಟನ್‌ಗಳಲ್ಲಿ ಒದ್ದಾಡಬಾರದು. ಮನೆಯಲ್ಲೇ ಇಷ್ಟು ಮಾಡಿಟ್ಟುಕೊಳ್ಳಿ.

ಮ್ಯಾನುಯಲ್ ಮೋಡ್‌ನಲ್ಲಿ ಶಟರ್ ವೇಗ (ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕು), ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ಅಗಲ ತೆರೆಯಬೇಕು) ನೀವು ಆರಿಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮವಾಗಿರಬೇಕು ಎಂಬ ಅಳತೆ) ಆಟೋಗೆ ಬಿಡಿ. ಕೂತ ಹಕ್ಕಿಗೆ ಸೆಕೆಂಡಿನ 1/500, ಹಾರುವ ಹಕ್ಕಿಗೆ 1/2000 ಅಥವಾ ಇನ್ನೂ ವೇಗ. ಅಪರ್ಚರ್ ಲೆನ್ಸ್ ಬಿಟ್ಟಷ್ಟು ಅಗಲ, ಸಾಮಾನ್ಯವಾಗಿ ಎಫ್/5.6 ಆಸುಪಾಸು. ಐಎಸ್‌ಒ ಏರಿ ಫೋಟೋದಲ್ಲಿ ಕಾಳುಕಾಳು ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಕಾಳು ಇದ್ದರೂ ಸ್ಪಷ್ಟವಾದ ಫೋಟೋ, ನುಣುಪಾಗಿದ್ದೂ ಅಲ್ಲಾಡಿದ ಫೋಟೋಗಿಂತ ಮೇಲು. ಫೋಕಸ್ ‘ಕಂಟಿನ್ಯುಯಸ್’ನಲ್ಲಿರಲಿ, ಅಂದರೆ ಕದಲುವ ಪ್ರಾಣಿಯನ್ನು ಅದು ಬಿಡದೆ ಹಿಂಬಾಲಿಸಲಿ; ಫೋಕಸ್ ಬಿಂದು ಯಾವಾಗಲೂ ಪ್ರಾಣಿಯ ಕಣ್ಣಿನ ಮೇಲಿರಲಿ. ಕಣ್ಣು ಸ್ಪಷ್ಟವಾಗಿದ್ದರೆ ಬಾಲ ಮಸುಕಾದರೂ ನೋಡುವವರು ಕ್ಷಮಿಸುತ್ತಾರೆ.

ಬೆಳ್ಳಕ್ಕಿಯಂಥ ಬಿಳಿ ಹಕ್ಕಿ ಕಪ್ಪು ಹಿನ್ನೆಲೆಯ ಮುಂದೆ ಬಂದರೆ ಕ್ಯಾಮೆರಾ ಮೋಸಹೋಗಿ ಗರಿಗಳನ್ನು ಸುಣ್ಣದ ಗೋಡೆ ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಫೋಟೋದ ಬೆಳಕನ್ನು ಏರಿಳಿಸುವ ಸೆಟ್ಟಿಂಗ್, ಒಂದು ಸ್ಟಾಪಿನಷ್ಟು (ಬೆಳಕು ಅರ್ಧಕ್ಕೆ ಇಳಿಯುವಷ್ಟು) ಇಳಿಸಿ. ಬೆಳ್ಳಗಿನ ಆಕಾಶದ ಮುಂದೆ ಕಾಗೆ ಕೂತರೆ ಅಷ್ಟೇ ಏರಿಸಿ.

ಇನ್ನು ನೆಮ್ಮದಿಗೆ ಸಂಬಂಧಿಸಿದ ಮೂರು ಸೆಟ್ಟಿಂಗ್. ಫೋಕಸ್ ಆದಾಗ ಬರುವ ಬೀಪ್ ಶಬ್ದ ಆಫ್ ಮಾಡಿ. ಸೈಲೆಂಟ್ ಶಟರ್ ಇದ್ದರೆ ಆನ್ ಮಾಡಿ. ಮೂರನೆಯದು, ಕ್ಲಿಕ್ಕಿಸಿದ ತಕ್ಷಣ ಪರದೆಯಲ್ಲಿ ಫೋಟೋ ತೋರಿಸುವ ಸೌಲಭ್ಯವನ್ನು ಆಫ್ ಮಾಡಿ. ಪ್ರತಿ ಕ್ಲಿಕ್ಕಿಗೂ ತಲೆ ಬಗ್ಗಿಸಿ ‘ಬಂತಾ, ಬಂತಾ’ ಅಂತ ನೋಡುತ್ತಿದ್ದರೆ ಹಕ್ಕಿಯೂ ತಪ್ಪುತ್ತದೆ, ಮನಸ್ಸಿನ ಎಳೆಯೂ ತುಂಡಾಗುತ್ತದೆ. ಬೆಳಕು ಸರಿಯಿದೆಯಾ ಅಂತ ಶುರುವಿನಲ್ಲಿ ಒಮ್ಮೆ ನೋಡಿಕೊಂಡರೆ ಮುಗಿಯಿತು.

ಹಂತ 5: ಅವುಗಳ ಭಾಷೆ ಕಲಿಯಿರಿ

ಈ ಕೆಲಸದ ನಿಜವಾದ ರುಚಿ ಇಲ್ಲಿದೆ. ಪ್ರತಿ ಪ್ರಾಣಿಗೂ ಒಂದು ದೂರದ ಲೆಕ್ಕ ಇದೆ. ಅದನ್ನು ದಾಟಿ ಹತ್ತಿರ ಹೋದರೆ ಓಡುತ್ತದೆ. ಓಡುವ ಮುಂಚೆ ಸೂಚನೆ ಕೊಡುತ್ತದೆ. ಮೇಯುವುದನ್ನು ನಿಲ್ಲಿಸುತ್ತದೆ, ಕುತ್ತಿಗೆ ಎತ್ತುತ್ತದೆ, ಬಾಲ ಕೊಂಕಿಸುತ್ತದೆ, ಮೈ ಕುಗ್ಗಿಸಿ ಮುಂದಕ್ಕೆ ಬಾಗುತ್ತದೆ. ಮೇಯುವುದು ನಿಂತಿತು ಅಂದರೆ ನೀವೂ ನಿಲ್ಲಿ. ಮತ್ತೆ ಮೇಯಲು ಶುರು ಮಾಡುವವರೆಗೆ ಕದಲಬೇಡಿ. ಮಾಡಲಿಲ್ಲವಾ? ಹಿಂದಕ್ಕೆ ಸರಿಯಿರಿ. ನೀವು ಬಂದದ್ದಕ್ಕೆ ಪ್ರಾಣಿ ತನ್ನ ಕೆಲಸ ಬಿಡಬೇಕಾಯಿತು ಎಂದರೆ ಆ ಭೇಟಿ ಅಲ್ಲಿಗೆ ಕೆಟ್ಟಿತು, ಫೋಟೋ ಎಷ್ಟೇ ಚೆನ್ನಾಗಿರಲಿ.

ಹತ್ತಿರ ಹೋಗಲೇಬೇಕಾದರೆ ನೇರವಾಗಿ ನಡೆಯಬೇಡಿ. ಓರೆಯಾಗಿ, ಬೇರೆಲ್ಲೋ ನೋಡುತ್ತಾ, ಕುಗ್ಗಿಕೊಂಡು, ನಿಂತು ನಿಂತು ಹೋಗಿ. ದಿಟ್ಟಿಸಿ ನೋಡುತ್ತಾ ನೇರ ಬರುವುದು ಬೇಟೆಗಾರನ ನಡಿಗೆ, ಅದು ಎಲ್ಲ ಪ್ರಾಣಿಗೂ ಗೊತ್ತು. ಇದಕ್ಕಿಂತ ಒಳ್ಳೆಯದು, ನೀವು ಕೂತಿರಿ, ಅದು ಬರಲಿ.

ಗಾಳಿ ಗಮನಿಸಿ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏರುತ್ತವೆ, ಎದುರಾಗಿಯೇ ಇಳಿಯುತ್ತವೆ. ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿದ್ದರೆ ಇಳಿಯುವ ಹಕ್ಕಿಯ ಮುಖ ನಿಮ್ಮ ಕಡೆಗಿರುತ್ತದೆ. ಮೂಗು ಚುರುಕಾದ ಪ್ರಾಣಿಗಳ ಲೆಕ್ಕ ಬೇರೆ. ಜಿಂಕೆ, ನರಿಯಂಥವಕ್ಕೆ ನಿಮ್ಮ ವಾಸನೆ ತಲುಪಬಾರದು, ಗಾಳಿ ಅವುಗಳ ಕಡೆಯಿಂದ ನಿಮ್ಮತ್ತ ಬರಬೇಕು.

ಮರುಕಳಿಸುವ ಅಭ್ಯಾಸಗಳನ್ನು ಹುಡುಕಿ. ಹಲವು ಬಗೆಯ ಕೊಡತಿ ಕೀಟಗಳು, ಮಕ್ಕಳು ಏರೋಪ್ಲೇನ್ ಚಿಟ್ಟೆ ಅನ್ನುತ್ತಾರಲ್ಲ ಅವು, ಹಾರಿಹೋದರೂ ಅದೇ ಕಡ್ಡಿಯ ತುದಿಗೆ ವಾಪಸ್ ಬರುತ್ತವೆ. ಮಿಂಚುಳ್ಳಿ ಹಿಡಿದ ಮೀನನ್ನು ಕೊಂಬೆಗೆ ಬಡಿದು, ತಲೆ ಮೊದಲಾಗುವಂತೆ ತಿರುಗಿಸಿಕೊಂಡು ನುಂಗುತ್ತದೆ. ಗೊತ್ತಿದ್ದರೆ ಆ ತಿರುಗಿಸುವ ಗಳಿಗೆಗೆ ಬೆರಳು ತಯಾರಿರುತ್ತದೆ. ಮುಂದೇನಾಗುತ್ತದೆ ಅಂತ ನೀವು ಊಹಿಸಿ, ಅದು ಹಾಗೇ ಆಯಿತು ಅಂದುಕೊಳ್ಳಿ. ಅಪರೂಪದ ಪ್ರಾಣಿ ಕಂಡಾಗಲೂ ಅಷ್ಟು ಖುಷಿ ಆಗುವುದಿಲ್ಲ.

ಹಂತ 6: ಕಾಯುವ ಹೊತ್ತಿನಲ್ಲಿ ಏನು ಮಾಡಬೇಕು

ಬಹುಪಾಲು ಹೊತ್ತು ಏನೂ ಆಗುವುದಿಲ್ಲ. ಆಗಲೇ ಹಳೆಯ ಯೋಚನೆಗಳು ನುಗ್ಗುವುದು. ಅವನ್ನು ಓಡಿಸಲು ಹೋಗಬೇಡಿ, ಕಿವಿಗೆ ಕೆಲಸ ಕೊಡಿ. ಅತಿ ದೂರದಿಂದ ಬರುವ ಸದ್ದು ಯಾವುದು, ಅತಿ ಹತ್ತಿರದ್ದು ಯಾವುದು ಅಂತ ಹುಡುಕಿ. ಆ ಪಿಕಳಾರದ ಕೂಗು ಯಾವ ಮರದ್ದು? ಮತ್ತೆ ಯೋಚನೆ ಬರುತ್ತದೆ, ಮತ್ತೆ ಕಿವಿಗೆ ಹೋಗಿ. ರೇಚೆಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ಎಂಬ ಮನಶ್ಶಾಸ್ತ್ರಜ್ಞ ದಂಪತಿಯ ವಾದ ಹೀಗಿದೆ: ಕೆಲಸಕ್ಕಾಗಿ ಬಲವಂತದಿಂದ ಹಿಡಿದಿಡುವ ಗಮನ ದಣಿಯುತ್ತದೆ. ಎಲೆ, ನೀರು, ಹಕ್ಕಿ ಇವೆಲ್ಲ ಗಮನವನ್ನು ಮೆಲ್ಲಗೆ ಸೆಳೆಯುತ್ತವೆ, ಅಷ್ಟು ಹೊತ್ತು ದಣಿದದ್ದಕ್ಕೆ ವಿಶ್ರಾಂತಿ. ಫೋನ್ ಸ್ಕ್ರೋಲ್ ಮಾಡುವುದೂ ಗಮನ ಸೆಳೆಯುತ್ತದೆ, ಆದರೆ ಎಳೆದಾಡಿ ಸೆಳೆಯುತ್ತದೆ. ಅದು ಚೀಲದಲ್ಲೇ ಇರಲಿ.

ಪ್ರಾಣಿ ಬಂದಾಗ ಮೊದಲು ಬರಿಗಣ್ಣಿನಿಂದ ನೋಡಿ, ಆಮೇಲೆ ಕ್ಯಾಮೆರಾ ಎತ್ತಿ. 2014ರಲ್ಲಿ ಪ್ರಕಟವಾದ ಲಿಂಡಾ ಹೆಂಕೆಲ್ ಅವರ ಪ್ರಯೋಗದಲ್ಲಿ, ಮ್ಯೂಸಿಯಂನಲ್ಲಿ ವಸ್ತುಗಳ ಫೋಟೋ ತೆಗೆದವರಿಗೆ ಸುಮ್ನೆ ನೋಡಿದವರಿಗಿಂತ ಕಡಿಮೆ ನೆನಪಿತ್ತು. ಆದರೆ ಒಂದು ಭಾಗವನ್ನು ಜೂಮ್ ಮಾಡಿ ತೆಗೆದಾಗ ನೆನಪು ಹಾಗೆ ಕುಂದಲಿಲ್ಲ. ಇದನ್ನು ನಾವು ಹೀಗೆ ಬಳಸಿಕೊಳ್ಳಬಹುದು: ಇವತ್ತು ಬರೀ ಕಾಲುಗಳು, ಇವತ್ತು ರೆಕ್ಕೆ ಸರಿಪಡಿಸಿಕೊಳ್ಳುವುದು ಮಾತ್ರ ಅಂತ ಗೊತ್ತು ಮಾಡಿಕೊಂಡು ಹೋಗಿ. ಒಂದು ಗುಬ್ಬಚ್ಚಿಯ ಮಣ್ಣಿನ ಸ್ನಾನವನ್ನೇ ಇಡೀ ಬೆಳಿಗ್ಗೆ ನೋಡಬಹುದು.

ಹಂತ 7: ಸಂಕಟ ಹೊತ್ತು ಬಂದವರಿಗೆ

ಯಾರನ್ನೋ ಕಳೆದುಕೊಂಡು ಇಲ್ಲಿಗೆ ಬಂದಿದ್ದರೆ ಒಂದು ವಿಷಯ ತಿಳಿದಿರಲಿ. ಪ್ರಕೃತಿ ಸೌಮ್ಯವಾಗಿಲ್ಲ. ನೀವು ವಾರಗಟ್ಟಲೆ ನೋಡಿದ ಗೂಡು ಒಂದು ದಿನ ಖಾಲಿ ಇರುತ್ತದೆ. ಬಕಪಕ್ಷಿ ಕಪ್ಪೆಯನ್ನು ಜೀವಂತ ನುಂಗುತ್ತದೆ. ಬಾತುಕೋಳಿಯ ಮರಿಗಳು ದಿನದಿನಕ್ಕೆ ಕಡಿಮೆಯಾಗುತ್ತವೆ. ಬರೀ ಸುಂದರವಾದದ್ದನ್ನೇ ಬಯಸಿ ಬಂದವರಿಗೆ ಇದು ಎರಡನೇ ಏಟು.

ಹಾಗಾಗಿ ಒಂದೇ ಮರಿ, ಒಂದೇ ಗೂಡಿನ ಮೇಲೆ ಎಲ್ಲ ಆಸೆ ಇಡಬೇಡಿ. ಇಡೀ ಜಾಗವನ್ನು ನೋಡಿ, ಒಂದು ಮರವನ್ನು ಎಲ್ಲ ಋತುಗಳಲ್ಲೂ ಒಂದೇ ಕೋನದಿಂದ ತೆಗೆಯಿರಿ. ಎಲೆ ಉದುರುತ್ತದೆ, ಚಿಗುರುತ್ತದೆ, ಹೂವಿಗೆ ಬೇರೆ ಹಕ್ಕಿ, ಹಣ್ಣಿಗೆ ಬೇರೆ ಹಕ್ಕಿ. ಯಾವುದೋ ಸಾವನ್ನು ನೋಡಬೇಕಾಗಿ ಬಂದರೆ ಫೋಟೋ ತೆಗೆಯಲೇಬೇಕು ಅಂತೇನಿಲ್ಲ. ಮುಖ ತಿರುಗಿಸಲೂಬಹುದು, ಎದ್ದು ಮನೆಗೆ ಹೋಗಲೂಬಹುದು. ಮರಿ ಕಳೆದುಕೊಂಡ ಹಕ್ಕಿ ಮಾರನೇ ದಿನ ಹುಳ ಹುಡುಕುವುದನ್ನು ನೋಡಿ ‘ನಾನೂ ಹಾಗೆ ಎದ್ದುಬಿಡಬೇಕು’ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಅದರ ಹಸಿವು ಬೇರೆ, ನಿಮ್ಮ ದುಃಖ ಬೇರೆ. ಅಳು ಬಂದರೆ ಅತ್ತುಬಿಡಿ. ಅಲ್ಲಿ ಯಾರೂ ‘ಯಾಕೆ’ ಅಂತ ಕೇಳುವುದಿಲ್ಲ ಅಲ್ವಾ?

ಹಂತ 8: ಮಾಡಬಾರದ್ದು

ಗೂಡಿನ ಹತ್ತಿರ ಹೋಗಬೇಡಿ. ಕೊಂಬೆ ಸರಿಸಬೇಡಿ, ಮರೆ ತೆಗೆದರೆ ಕಾಗೆಗೂ ಹಾವಿಗೂ ದಾರಿ ಮಾಡಿಕೊಟ್ಟಂತೆ. ಹಕ್ಕಿಯ ಧ್ವನಿಯನ್ನು ಫೋನಿನಲ್ಲಿ ಹಾಕಿ ಕರೆಯಬೇಡಿ. ತನ್ನ ಜಾಗಕ್ಕೆ ಇನ್ನೊಬ್ಬ ಬಂದ ಅಂತ ಅದು ಮೇವು ಬಿಟ್ಟು ಜಗಳಕ್ಕೆ ಬರುತ್ತದೆ. ತಿಂಡಿ ಹಾಕಿ, ಬಲಿ ಇಟ್ಟು ಕರೆಯಬೇಡಿ. ಅಪರೂಪದ ಪ್ರಾಣಿಯ ಫೋಟೋ ಹಂಚುವಾಗ ಜಾಗದ ವಿವರ ತೆಗೆದುಹಾಕಿ.

ಈ ಕಲೆಯ ಬೇರು ಬೇಟೆಯಲ್ಲೂ ಇದೆ. ಅಮೆರಿಕದ ಜಾರ್ಜ್ ಶೈರಸ್ ಮೊದಲು ಬೇಟೆಗಾರ. ರಾತ್ರಿ ದೋಣಿಯಲ್ಲಿ ದೀಪ ಹಿಡಿದು ಜಿಂಕೆ ಹೊಡೆಯುವ ವಿಧಾನವನ್ನೇ ಫೋಟೋ ತೆಗೆಯಲು ಬಳಸಿದರು. 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವರ 74 ಚಿತ್ರಗಳನ್ನು ಪ್ರಕಟಿಸಿತು. ಬ್ರಿಟನ್ನಿನ ಕೀರ್ಟನ್ ಸಹೋದರರು ಹಕ್ಕಿಗಳಿಗೆ ಅನುಮಾನ ಬಾರದಿರಲಿ ಅಂತ ಪೊಳ್ಳು ಎತ್ತಿನ ಬೊಂಬೆಯೊಳಗೆ ಅಡಗಿ ಕೂತರು! ಬಂದೂಕು ಬಿಟ್ಟರೂ ಬೇಟೆಯ ಹಪಾಹಪಿ ಕೈಯಲ್ಲಿ ಉಳಿದುಬಿಡಬಹುದು. ‘ಇವತ್ತು ಎಷ್ಟು ಸಿಕ್ಕಿತು’ ಎಂಬ ಲೆಕ್ಕ ಶುರುವಾದರೆ ಎಚ್ಚರವಾಗಿರಿ.

ಹಂತ 9: ಮನೆಗೆ ಬಂದ ಮೇಲೆ

ಫೋಟೋಗಳನ್ನು ಅದೇ ದಿನ ನೋಡಬೇಡಿ. ಮಾರನೇ ದಿನ ನೋಡಿದರೆ ಆಸೆಯ ಪೊರೆ ಕಳಚಿರುತ್ತದೆ, ಆರಿಸುವುದು ಸುಲಭ. ಒಂದು ಸಲದ ಹೊರಗಾಟಕ್ಕೆ ಒಂದೇ ಫೋಟೋ ಇಟ್ಟುಕೊಳ್ಳಿ. ಅದರ ಕೆಳಗೆ ಎರಡು ಸಾಲು ಬರೆಯಿರಿ: ಪ್ರಾಣಿ ಏನು ಮಾಡುತ್ತಿತ್ತು, ಆಗ ನಿಮಗೆ ಏನನ್ನಿಸಿತು. ತಾಂತ್ರಿಕವಾಗಿ ಚೆನ್ನಾಗಿರುವುದನ್ನೇ ಆರಿಸಬೇಕೆಂದಿಲ್ಲ.

ಎಲ್ಲರಿಗೂ ತೋರಿಸುವ ಆಸೆ ಸಹಜ. ಆದರೆ ಲೈಕ್ ಎಣಿಸಲು ಶುರು ಮಾಡಿದ ದಿನದಿಂದ ನೀವು ಕೆರೆದಂಡೆಯಲ್ಲಿ ಕೂತಾಗಲೂ ಬೇರೆಯವರ ಕಣ್ಣಿನಿಂದಲೇ ನೋಡುತ್ತೀರಿ. ಹಂಚಲೇಬೇಕೆನಿಸಿದರೆ ಐನ್ಯಾಚುರಲಿಸ್ಟ್, ಈಬರ್ಡ್‌ನಂಥ ಕಡೆ ಹಾಕಿ. ಯಾವ ಜೀವಿ ಎಲ್ಲಿ, ಯಾವಾಗ ಕಂಡಿತು ಎಂಬುದನ್ನು ಜನರೇ ದಾಖಲಿಸುವ ವೇದಿಕೆಗಳು ಅವು, ಸಂಶೋಧಕರು ಆ ಮಾಹಿತಿಯನ್ನು ಬಳಸುತ್ತಾರೆ. ಹೆಸರು ಗುರುತಿಸಲು ಐನ್ಯಾಚುರಲಿಸ್ಟ್‌ನಲ್ಲಿ ಅನುಭವಿಗಳು ನೆರವಾಗುತ್ತಾರೆ. ಅಳಿವಿನಂಚಿನ ಜೀವಿಗಳ ನಿಖರ ಜಾಗವನ್ನು ಐನ್ಯಾಚುರಲಿಸ್ಟ್ ತಾನೇ ಮರೆಮಾಡುತ್ತದೆ. ನಿಮ್ಮ ಮಸುಕು ಫೋಟೋ ಕೂಡ ಅಲ್ಲಿ ಕೆಲಸಕ್ಕೆ ಬರುತ್ತದೆ, ಗುರುತು ಸಿಕ್ಕರೆ ಸಾಕು.

ಜೊತೆಗೆ ಯಾರಾದರೂ ಬರುವುದಾದರೆ

ಅಪಾಯದ ಪ್ರಾಣಿಗಳಿರುವ ಕಡೆ ಒಬ್ಬರೇ ಹೋಗಬೇಡಿ. ಬೇರೆ ಕಡೆಗೂ ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಒಬ್ಬರಿಗೆ ಹೇಳಿ ಹೋಗಿ. ಇಬ್ಬರು ಹೋದರೆ ಮಾತಿಗಿಳಿಯುವುದು ಸಹಜ. ಅದಕ್ಕೊಂದು ಉಪಾಯ ಇದೆ. ಹತ್ತು ಹೆಜ್ಜೆ ಅಂತರದಲ್ಲಿ, ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ಕೂರಿ, ಅರ್ಧ ಗಂಟೆ ಮಾತಿಲ್ಲ. ಆಮೇಲೆ ನೀವು ನೋಡಿದ್ದನ್ನು ಅವರಿಗೆ ಹೇಳಿ, ಅವರು ನೋಡಿದ್ದನ್ನು ಕೇಳಿ. ಮಕ್ಕಳಾದರೆ ಹತ್ತು ನಿಮಿಷ ಸಾಕು, ಕೈಗೆ ಬೈನಾಕ್ಯುಲರ್ ಕೊಡಿ, ಕ್ಯಾಮೆರಾ ಬೇಡ.